ಒಂದು ಸರ್ವರ್, ಹಲವು ಪರದೆಗಳು: ಲಿನಕ್ಸ್ ಥಿನ್ ಕ್ಲೈಂಟ್ ವ್ಯವಸ್ಥೆಯ ದೋಷಶೋಧನೆಯನ್ನು ಕುರಿತು ಒಂದು ಸಮೀಕ್ಷೆ

ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಇಪ್ಪತ್ತು ಪರದೆಗಳ ಮುಂದೆ ಕುಳಿತಿರುವ ಒಂದು ಶಾಲಾ ಕೊಠಡಿಯಲ್ಲಿ, ಆ ಎಲ್ಲ ಯಂತ್ರಗಳಿಗೂ ಬೇಕಾದ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ, ಬರೆದಿಟ್ಟ ಕಡತ ಇವೆಲ್ಲವೂ ಮೂಲೆಯಲ್ಲಿ ನಿಂತ ಒಂದೇ ಸರ್ವರಿನಿಂದ ಒದಗುವಂತೆ ಮಾಡಿದ ಏರ್ಪಾಡಿಗೆ ಥಿನ್ ಕ್ಲೈಂಟ್ ವ್ಯವಸ್ಥೆಯೆಂದು ಹೆಸರು. ವಿದ್ಯಾರ್ಥಿಯ ಮುಂದಿನ ಯಂತ್ರದಲ್ಲಿ ಹಾರ್ಡ್ ಡಿಸ್ಕು ಇರಲೇಬೇಕೆಂಬ ನಿಯಮವಿಲ್ಲ. ಹತ್ತು ವರ್ಷ ದುಡಿದು ದಣಿದ ಹಳೆಯ ಕಂಪ್ಯೂಟರಾದರೂ, ವಿದ್ಯುತ್ತು ಬಂದೊಡನೆ ಕೇಬಲಿನ ಮೂಲಕ ಸರ್ವರನ್ನು ಕಂಡು, ತನಗೆ ಬೇಕಾದುದನ್ನೆಲ್ಲ ಅಲ್ಲಿಂದಲೇ ಪಡೆದುಕೊಳ್ಳುತ್ತದೆ. ಈ ಏರ್ಪಾಡಿನ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ಸರ್ವರಿನಲ್ಲಿ ಒಂದು ತಂತ್ರಾಂಶವನ್ನು ಸ್ಥಾಪಿಸಿದರೆ ಅದು ಇಪ್ಪತ್ತು ಮಂದಿಗೂ ದೊರೆಯುತ್ತದೆ. ಸರ್ವರಿನಲ್ಲಿ ಒಂದು ಲೋಪ ತಲೆದೋರಿದರೆ ಅದು ಇಪ್ಪತ್ತು ಮಂದಿಯನ್ನೂ ಬಾಧಿಸುತ್ತದೆ. ಆದುದರಿಂದ ಈ ಪದ್ಧತಿಯನ್ನು ಕೈಗೊಳ್ಳುವವರು ಅದರ ಮಿತವ್ಯಯವನ್ನು ಮಾತ್ರ ಲೆಕ್ಕಿಸಿ ತೃಪ್ತರಾಗದೆ, ಅದು ಕೆಟ್ಟಾಗ ಕೆಟ್ಟ ಸ್ಥಳವನ್ನು ಹುಡುಕಿ ತೆಗೆಯುವ ಕ್ರಮವನ್ನೂ ಮೊದಲೇ ಕಲಿತಿರುವುದು ಅವಶ್ಯ.

ಪುತ್ತೂರು, ಸುಳ್ಯ, ಮತ್ತು ಈ ಎರಡು ತಾಲೂಕುಗಳ ಗ್ರಾಮಗಳಿಂದ ಈಚೆಗೆ ಪ್ರತ್ಯೇಕವಾಗಿ ರೂಪುಗೊಂಡ ಕಡಬ, ಇವು ಘಟ್ಟದ ಬುಡದಲ್ಲಿ ಕುಮಾರಧಾರಾ, ಪಯಸ್ವಿನೀ ನದಿಗಳ ಸೀಮೆಯಲ್ಲಿ ಹಬ್ಬಿದ ತಾಲೂಕುಗಳು. ಇಲ್ಲಿನ ಮಳೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನ ಆಸುಪಾಸಿನದು; ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ಹಿಂಗಾರಿನ ಅಕ್ಟೋಬರಿನಲ್ಲಿಯೂ ಸಂಜೆಯ ಸಿಡಿಲು ಇಲ್ಲಿ ವಾಡಿಕೆಯ ಸಂಗತಿ. ಮಂಗಳೂರಿನಿಂದ ಪುತ್ತೂರಿಗೆ ಸುಮಾರು ಐವತ್ತು ಕಿಲೋಮೀಟರು, ಸುಳ್ಯಕ್ಕೆ ಎಂಬತ್ತಕ್ಕೂ ಮೇಲು. ಅಲ್ಲಿಂದ ಮುಂದೆ ಗುತ್ತಿಗಾರು, ಕೊಲ್ಲಮೊಗ್ರು, ಬಿಳಿನೆಲೆಗಳ ಕಡೆಗೆ ಹೋಗಬೇಕಾದ ದುರಸ್ತಿಗಾರನು ಬರುವುದಕ್ಕೆ ಮೊದಲೇ ಒಂದು ವಾರದ ಪಾಠ ನಷ್ಟವಾಗಿರುತ್ತದೆ. ಇಂಥ ಸ್ಥಳದಲ್ಲಿ ಲಿನಕ್ಸಿನ ಥಿನ್ ಕ್ಲೈಂಟ್ ವ್ಯವಸ್ಥೆ ಬಾಳಿಕೆ ಬರಬಲ್ಲುದೆ, ಬರಬೇಕಾದರೆ ಅದರ ದೋಷಗಳನ್ನು ಯಾರು, ಯಾವ ಕ್ರಮದಿಂದ ಶೋಧಿಸಬೇಕು ಎಂಬುದೇ ಈ ಲೇಖನದ ಪ್ರಶ್ನೆ. ಬಾಳಿಕೆ ಬರಬಲ್ಲುದೆಂದೂ, ಆದರೆ ಆ ಬಾಳಿಕೆ ಯಂತ್ರದ ಬೆಲೆಗಿಂತ ಹೆಚ್ಚಾಗಿ ಕ್ರಮಬದ್ಧವಾದ ಶೋಧನೆಯನ್ನೂ, ಆ ಶೋಧನೆಯನ್ನು ಬಲ್ಲವರು ಊರಿನಲ್ಲಿಯೇ ಇರುವುದನ್ನೂ ಅವಲಂಬಿಸಿದೆಯೆಂದೂ ನಮ್ಮ ಅಭಿಪ್ರಾಯ.

ಪೂರ್ವವೃತ್ತ

ಒಂದು ದೊಡ್ಡ ಯಂತ್ರದ ಸಾಮರ್ಥ್ಯವನ್ನು ಅನೇಕರು ಹಂಚಿಕೊಳ್ಳುವ ಪದ್ಧತಿ ಗಣಕಯಂತ್ರಗಳ ಇತಿಹಾಸದಲ್ಲಿ ಬಹಳ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ 1984ರಲ್ಲಿ ಹುಟ್ಟಿ, 1987ರಲ್ಲಿ ತನ್ನ ಹನ್ನೊಂದನೆಯ ಆವೃತ್ತಿಯನ್ನು ಮುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯು, ಒಂದು ಯಂತ್ರದಲ್ಲಿ ನಡೆಯುವ ತಂತ್ರಾಂಶದ ಚಿತ್ರವನ್ನು ಇನ್ನೊಂದು ಯಂತ್ರದ ಪರದೆಯ ಮೇಲೆ ತೋರಿಸುವ ಸೌಲಭ್ಯವನ್ನು ಮೊದಲಿನಿಂದಲೇ ಒಳಗೊಂಡಿತ್ತು. 1991ರಲ್ಲಿ ಲಿನಸ್ ತೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ ಬಳಿಕ, ಅದೇ ದಶಕದ ಕೊನೆಯಲ್ಲಿ ಜಿಮ್ ಮೆಕ್ವಿಲನ್ ಎಂಬವರು ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬ ಯೋಜನೆಯನ್ನು ಆರಂಭಿಸಿದರು; ಎಲ್‌ಟಿಎಸ್‌ಪಿ ಎಂಬುದು ಅದರ ರೂಢಿಯ ಹೆಸರು. ನಾರ್ವೆಯಲ್ಲಿ 2001ರಲ್ಲಿ ಮೊದಲಾದ ಸ್ಕೋಲೆಲಿನಕ್ಸ್ ಈ ಪದ್ಧತಿಯನ್ನು ಶಾಲೆಗಳಿಗೆ ಕೊಂಡೊಯ್ದಿತು. 2005ರ ಎಜುಬುಂಟು ಅದನ್ನು ಅನುಸ್ಥಾಪನೆಯೊಡನೆಯೇ ಒದಗಿಸಿತು. 2019ರಲ್ಲಿ ಗ್ರೀಸಿನ ಆಲ್ಕಿಸ್ ಜಾರ್ಗೊಪುಲೋಸ್ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆದರು. ಇತ್ತ ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಯೋಜನೆಯಿಂದಲೂ, ಕೇಂದ್ರ ಸರಕಾರವು 2004ರಲ್ಲಿ ಆರಂಭಿಸಿದ ಐಸಿಟಿ ಯೋಜನೆಯಿಂದಲೂ ಕಂಪ್ಯೂಟರುಗಳು ಬಂದುವು. ಹೀಗೆ ಬಂದ ಯಂತ್ರಗಳು ಕಾಲಕ್ರಮದಲ್ಲಿ ಹಳತಾಗಿ, ಹೊಸ ತಂತ್ರಾಂಶದ ಭಾರವನ್ನು ತಾವೇ ಹೊರಲಾರದೆ ಮೂಲೆ ಸೇರುವಾಗ, ಅವುಗಳಿಗೆ ಎರಡನೆಯ ಆಯುಷ್ಯವನ್ನು ಕೊಡುವ ಉಪಾಯವಾಗಿ ಈ ಪದ್ಧತಿ ನಮಗೆ ಪ್ರಸ್ತುತವಾಗುತ್ತದೆ.

ಥಿನ್ ಕ್ಲೈಂಟ್ ಎಂಬ ಹೆಸರಿನ ಅಡಿಯಲ್ಲಿ ಎರಡು ಬಗೆಯ ಏರ್ಪಾಡುಗಳಿರುವುದನ್ನು ಮೊದಲೇ ವಿಂಗಡಿಸಿಕೊಳ್ಳದಿದ್ದರೆ ದೋಷಶೋಧನೆ ದಾರಿ ತಪ್ಪುತ್ತದೆ. ಹಳೆಯ ಬಗೆಯಲ್ಲಿ ತಂತ್ರಾಂಶವು ಸರ್ವರಿನಲ್ಲಿಯೇ ನಡೆದು, ಚಿತ್ರ ಮಾತ್ರ ಪರದೆಗೆ ಬರುತ್ತದೆ; ಇದು ಶುದ್ಧ ಥಿನ್ ಕ್ಲೈಂಟ್. ಹೊಸ ಬಗೆಯಲ್ಲಿ ಯಂತ್ರವು ಸರ್ವರಿನಿಂದ ವ್ಯವಸ್ಥೆಯ ಪ್ರತಿಯನ್ನು ಓದಿಕೊಳ್ಳುತ್ತದೆಯಾದರೂ, ತಂತ್ರಾಂಶವನ್ನು ತನ್ನದೇ ಪ್ರೊಸೆಸರಿನಿಂದ, ತನ್ನದೇ ರ್‍ಯಾಮಿನಲ್ಲಿ ನಡೆಸುತ್ತದೆ; ಇದಕ್ಕೆ ಫ್ಯಾಟ್ ಕ್ಲೈಂಟ್ ಎನ್ನುವುದು ರೂಢಿ. 2019ರ ಅನಂತರದ ಎಲ್‌ಟಿಎಸ್‌ಪಿ ಮುಖ್ಯವಾಗಿ ಈ ಎರಡನೆಯ ಬಗೆಯದು. ಮೊದಲನೆಯದರಲ್ಲಿ ನಿಧಾನಗತಿ ಕಂಡರೆ ಸರ್ವರಿನ ರ್‍ಯಾಮನ್ನು ಪರೀಕ್ಷಿಸಬೇಕು, ಎರಡನೆಯದರಲ್ಲಿ ಕಂಡರೆ ವಿದ್ಯಾರ್ಥಿಯ ಮುಂದಿನ ಯಂತ್ರದ ರ್‍ಯಾಮನ್ನೂ ಜಾಲದ ವೇಗವನ್ನೂ ಪರೀಕ್ಷಿಸಬೇಕು. ಹಳೆಯ ಬಗೆಗೆ ಬರೆದ ಪರಿಹಾರವನ್ನು ಹೊಸ ಬಗೆಗೆ ಪ್ರಯೋಗಿಸಿದರೆ ಗುಣವಾಗುವ ಬದಲು ಹೊಸ ದೋಷವೊಂದು ಸೇರಿಕೊಳ್ಳುತ್ತದೆ.

ಶೋಧನೆಯ ಕ್ರಮ

ವಿದ್ಯುತ್ತಿನ ಗುಂಡಿಯನ್ನು ಒತ್ತಿದ ಕ್ಷಣದಿಂದ ವಿದ್ಯಾರ್ಥಿಯು ತನ್ನ ಹೆಸರನ್ನು ಬರೆದು ಒಳಹೊಗುವವರೆಗೆ ಯಂತ್ರವು ಐದು ಮೆಟ್ಟಿಲುಗಳನ್ನು ಏರುತ್ತದೆ: ಕೇಬಲಿನ ಸಂಪರ್ಕ ಸಿದ್ಧಿಸುವುದು ಒಂದು, ಜಾಲದಲ್ಲಿ ತನಗೊಂದು ವಿಳಾಸವನ್ನು ಪಡೆಯುವುದು ಎರಡು, ಲಿನಕ್ಸಿನ ತಿರುಳಾದ ಕರ್ನೆಲನ್ನು ಸರ್ವರಿನಿಂದ ತರಿಸಿಕೊಳ್ಳುವುದು ಮೂರು, ವ್ಯವಸ್ಥೆಯ ಪೂರ್ಣ ಪ್ರತಿಯಾದ ಇಮೇಜನ್ನು ಕಂಡುಕೊಳ್ಳುವುದು ನಾಲ್ಕು, ಬಳಕೆದಾರನ ಗುರುತನ್ನು ಒಪ್ಪಿಸಿ ಅವನ ಕಡತಗಳನ್ನು ತೆರೆಯುವುದು ಐದು. ಅಡಿಕೆ ತೋಟದ ಕೊನೆಯ ಸಾಲಿನಲ್ಲಿ ಸ್ಪ್ರಿಂಕ್ಲರು ನಿಂತುಹೋದಾಗ, ಅನುಭವಿಯಾದ ಕೃಷಿಕನು ಪಂಪು ತಿರುಗುತ್ತಿದೆಯೇ, ಫುಟ್‌ವಾಲ್ವು ನೀರು ಹಿಡಿದಿದೆಯೇ, ಗೇಟ್‌ವಾಲ್ವು ತೆರೆದಿದೆಯೇ, ಕೊನೆಯಲ್ಲಿ ಜೆಟ್ಟಿಗೆ ಕಸ ಸಿಕ್ಕಿದೆಯೇ ಎಂದು ಮೂಲದಿಂದ ತುದಿಯವರೆಗೆ ನೋಡುತ್ತ ಬರುವನಲ್ಲದೆ, ಮೊದಲೇ ಪಂಪನ್ನು ಬಿಚ್ಚುವುದಿಲ್ಲ. ಅದೇ ವಿವೇಕ ಇಲ್ಲಿಯೂ ಸಲ್ಲುತ್ತದೆ. ಯಾವ ಮೆಟ್ಟಿಲಿನವರೆಗೆ ಯಂತ್ರವು ಏರಿತು ಎಂಬುದನ್ನು ಪರದೆಯ ಮೇಲಿನ ಸಂದೇಶದಿಂದ ನಿಶ್ಚಯಿಸಿಕೊಂಡವನಿಗೆ ಅರ್ಧ ಕೆಲಸ ಮುಗಿದಂತೆಯೇ. ಅದನ್ನು ನಿಶ್ಚಯಿಸದೆ ಸರ್ವರಿಗೆ ಮತ್ತೆ ಲಿನಕ್ಸನ್ನು ಹಾಕಹೊರಡುವವನು ಇದ್ದ ದೋಷವನ್ನೂ ಅದರ ಸಾಕ್ಷ್ಯವನ್ನೂ ಒಟ್ಟಿಗೆ ಅಳಿಸಿಬಿಡುತ್ತಾನೆ. ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಕೆಟ್ಟುದು ಒಂದು ಯಂತ್ರವೋ, ಒಂದು ಸಾಲಿನ ಯಂತ್ರಗಳೋ, ಎಲ್ಲವುಗಳೋ? ಒಂದಾದರೆ ದೋಷ ಆ ಯಂತ್ರದಲ್ಲಿ ಅಥವಾ ಅದರ ಕೇಬಲಿನಲ್ಲಿ. ಒಂದು ಸಾಲಾದರೆ ಆ ಸಾಲಿನ ಕೇಬಲುಗಳು ಕೂಡುವ ಸ್ವಿಚ್ಚಿನಲ್ಲಿ. ಎಲ್ಲವೂ ಆದರೆ ಮಾತ್ರ ಸರ್ವರಿನಲ್ಲಿ ಅಥವಾ ಅದರ ಜಾಲದ ಕಾರ್ಡಿನಲ್ಲಿ.

ಮೊದಲನೆಯ ಮೆಟ್ಟಿಲು ನಮ್ಮ ಸೀಮೆಯಲ್ಲಿ ಇತರ ನಾಲ್ಕಕ್ಕಿಂತಲೂ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಪಿಎಕ್ಸ್‌ಇ-ಇ61 ಎಂಬ ಸಂದೇಶ ಕಂಡರೆ ಕೇಬಲಿನ ಸಂಪರ್ಕವೇ ಇಲ್ಲವೆಂದು ಅರ್ಥ. ಆದರೆ ಸಿಡಿಲಿನ ಪೆಟ್ಟು ತಿಂದ ಸ್ವಿಚ್ಚು ಯಾವಾಗಲೂ ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ಸಿಡಿಲು ನೇರವಾಗಿ ಕಟ್ಟಡಕ್ಕೆ ಎರಗಬೇಕಾಗಿಲ್ಲ. ಸಮೀಪದಲ್ಲಿ ಬಿದ್ದರೂ ಉದ್ದವಾದ ತಾಮ್ರದ ತಂತಿಯಲ್ಲಿ ಕ್ಷಣಮಾತ್ರದ ಅಧಿಕ ವೋಲ್ಟೇಜು ಪ್ರೇರಿತವಾಗಿ, ಸ್ವಿಚ್ಚಿನ ಒಂದೆರಡು ಪೋರ್ಟುಗಳನ್ನು ಅರ್ಧಕ್ಕರ್ಧ ಕೆಡಿಸಿಬಿಡುತ್ತದೆ. ಅಂಥ ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ, ವಿಳಾಸವೂ ದೊರೆಯುತ್ತದೆ, ಆದರೆ ದೊಡ್ಡ ಕಡತವೊಂದು ದಾಟಬೇಕಾದಾಗ ತುಂಡುಗಳು ಕಳೆದುಹೋಗಿ ಯಂತ್ರ ನಡುದಾರಿಯಲ್ಲಿ ನಿಲ್ಲುತ್ತದೆ. ಕೇಬಲನ್ನು ಇನ್ನೊಂದು ಪೋರ್ಟಿಗೆ ಬದಲಿಸಿ ನೋಡುವುದು, ಚೆನ್ನಾಗಿ ನಡೆಯುತ್ತಿರುವ ಯಂತ್ರವೊಂದನ್ನು ತಂದು ಸಂಶಯದ ಕೇಬಲಿಗೆ ಸೇರಿಸಿ ನೋಡುವುದು, ಇವೆರಡು ಸುಲಭ ಪರೀಕ್ಷೆಗಳಿಂದ ಈ ಗುಪ್ತ ದೋಷ ಬಯಲಾಗುತ್ತದೆ. ಮಳೆಗಾಲದ ತೇವಕ್ಕೆ ಕೇಬಲಿನ ತುದಿಯ ಆರ್‌ಜೆ45 ಕನೆಕ್ಟರಿನಲ್ಲಿ ಕಿಲುಬು ಹಿಡಿಯುವುದು ಇನ್ನೊಂದು ಕಾರಣ. ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡುವುದಲ್ಲದೆ ಬೇರೆ ಚಿಕಿತ್ಸೆಯಿಲ್ಲ. ತಾಮ್ರದ ಕೇಬಲಿನ ಗರಿಷ್ಠ ಉದ್ದ 100 ಮೀಟರು. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗಬೇಕಾದಲ್ಲಿ ದೂರ ಅದಕ್ಕಿಂತ ಕಡಮೆಯಿದ್ದರೂ ಆಪ್ಟಿಕಲ್ ಫೈಬರನ್ನೇ ಎಳೆಯುವುದು ಲೇಸು, ಏಕೆಂದರೆ ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುವುದರಿಂದ, ಮೊದಲ ಸಿಡಿಲು ಬರುವುದಕ್ಕೆ ಮುಂಚೆಯೇ ಅದನ್ನು ಅಳೆಯಿಸಿ, ಗುಂಡಿಗೆ ನೀರುಣಿಸುವ ಏರ್ಪಾಡು ಮಾಡಿರಬೇಕು. ಸಂಜೆ ಕೊಠಡಿಗೆ ಬೀಗ ಹಾಕುವಾಗ ವಿದ್ಯುತ್ತಿನ ಪ್ಲಗ್ಗನ್ನು ಮಾತ್ರವಲ್ಲದೆ ಇಂಟರ್ನೆಟ್ಟಿನ ತಂತಿಯನ್ನೂ ಬಿಡಿಸಿಡುವ ಅಭ್ಯಾಸ ಯಾವ ಸಾಧನಕ್ಕಿಂತಲೂ ಮೇಲಾದ ರಕ್ಷಣೆ.

ಎರಡನೆಯ ಮೆಟ್ಟಿಲಿನಲ್ಲಿ ಯಂತ್ರವು ಡಿಎಚ್‌ಸಿಪಿ ಎಂಬ ನಿಯಮದಂತೆ, ಯಾರಾದರೂ ತನಗೊಂದು ವಿಳಾಸವನ್ನು ಕೊಡಿರೆಂದು ಜಾಲದಲ್ಲಿ ಕೂಗುತ್ತದೆ. ಉತ್ತರ ಬಾರದಿದ್ದರೆ ಪಿಎಕ್ಸ್‌ಇ-ಇ51 ಎಂದೂ, ವಿಳಾಸ ಬಂದು ಯಾವ ಕಡತವನ್ನು ತರಬೇಕೆಂಬ ಸೂಚನೆ ಬಾರದಿದ್ದರೆ ಪಿಎಕ್ಸ್‌ಇ-ಇ53 ಎಂದೂ ಪರದೆಯ ಮೇಲೆ ಮೂಡುತ್ತದೆ. ಇವೆರಡರ ಭೇದವನ್ನು ಅರಿತಿರುವುದು ಬಹಳ ಪ್ರಯೋಜನಕರ. ಮೊದಲನೆಯದು ಸಾಮಾನ್ಯವಾಗಿ ಸರ್ವರಿನ ಸೇವೆ ನಿಂತಿರುವುದನ್ನು ಸೂಚಿಸುತ್ತದೆ. ಎರಡನೆಯದು ಅನೇಕ ವೇಳೆ ಬೇರೊಂದು ಸಾಧನ ಸರ್ವರಿಗಿಂತ ಮೊದಲೇ ಉತ್ತರಿಸಿಬಿಟ್ಟಿರುವುದನ್ನು ಸೂಚಿಸುತ್ತದೆ. ಇಂಟರ್ನೆಟ್ಟಿಗಾಗಿ ತಂದಿಟ್ಟ ರೂಟರು ತಾನೂ ವಿಳಾಸಗಳನ್ನು ಹಂಚುವ ಸ್ವಭಾವದ್ದಾದುದರಿಂದ, ಯಾರೋ ಒಂದು ದಿನ ಅದರ ಕೇಬಲನ್ನು ಅದೇ ಸ್ವಿಚ್ಚಿಗೆ ಸೇರಿಸಿದೊಡನೆ ಒಂದೇ ಜಾಲದಲ್ಲಿ ಇಬ್ಬರು ದಾತರಾಗಿ, ನಿನ್ನೆಯವರೆಗೆ ಸರಿಯಾಗಿದ್ದ ಕೊಠಡಿ ಇಂದು ಅರ್ಧ ನಡೆಯುತ್ತದೆ, ಅರ್ಧ ನಿಲ್ಲುತ್ತದೆ. ಸರ್ವರಿಗೆ ಎರಡು ಜಾಲದ ಕಾರ್ಡುಗಳನ್ನು ಹಾಕಿ ಒಳಜಾಲವನ್ನು ಹೊರಜಾಲದಿಂದ ಪ್ರತ್ಯೇಕಿಸುವುದು ಒಂದು ಪರಿಹಾರ. ರೂಟರು ವಿಳಾಸವನ್ನು ಕೊಡಲಿ, ಕಡತದ ಸೂಚನೆಯನ್ನು ಮಾತ್ರ ಸರ್ವರು ಕೊಡಲಿ ಎಂದು ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿ ವಿಧಾನದಲ್ಲಿ ನಿಲ್ಲಿಸುವುದು ಇನ್ನೊಂದು. ಸರ್ವರಿನ ಜಾಲದ ಕಾರ್ಡನ್ನು ಬೇರೆ ಜಾಗಕ್ಕೆ ಬದಲಿಸಿದಾಗ ಲಿನಕ್ಸು ಅದಕ್ಕೆ ಬೇರೆ ಹೆಸರನ್ನು ಕೊಡುವುದುಂಟು; ಹಳೆಯ ಹೆಸರನ್ನೇ ನೆಚ್ಚಿಕೊಂಡ ಸೇವೆ ಆಗ ಮೌನವಾಗುತ್ತದೆ. ದುಬಾರಿಯ ಸ್ವಿಚ್ಚುಗಳು, ಜಾಲದಲ್ಲಿ ಸುತ್ತು ಉಂಟಾಗದಂತೆ ತಡೆಯುವ ಸಲುವಾಗಿ, ಕೇಬಲು ಸೇರಿದ ಬಳಿಕ ಸುಮಾರು 30 ಸೆಕೆಂಡು ಪೋರ್ಟನ್ನು ತಡೆಹಿಡಿಯುತ್ತವೆ; ಅಷ್ಟರೊಳಗೆ ಯಂತ್ರದ ತಾಳ್ಮೆ ತೀರಿಹೋಗುವುದೂ ಇ51ಕ್ಕೆ ಒಂದು ಕಾರಣ.

ಮೂರನೆಯ ಮೆಟ್ಟಿಲಿನ ವಾಹಕ ಟಿಎಫ್‌ಟಿಪಿ ಎಂಬ ಸರಳ ನಿಯಮ. ಸರ್ವರಿನಲ್ಲಿ ಈ ಸೇವೆ ನಡೆಯದಿದ್ದರೆ, ಅಥವಾ ಫೈರ್‌ವಾಲು 69ನೆಯ ಪೋರ್ಟನ್ನು ಮುಚ್ಚಿದ್ದರೆ, ಪಿಎಕ್ಸ್‌ಇ-ಇ32 ಕಾಣಿಸುತ್ತದೆ. ಹಳೆಯ ನಿಯಮದಲ್ಲಿ ಕಡತವು 512 ಬೈಟುಗಳ ತುಂಡುಗಳಾಗಿ ಹೋಗುತ್ತದೆ, ತುಂಡುಗಳ ಎಣಿಕೆ 65,535ಕ್ಕೆ ಮುಗಿಯುತ್ತದೆ; ಆದುದರಿಂದ ಸುಮಾರು 32 ಮೆಗಾಬೈಟಿಗೆ ಮೀರಿದ ಕಡತವನ್ನು ತರಲು ಹಳೆಯ ಯಂತ್ರಗಳು ಕಷ್ಟಪಡುತ್ತವೆ, ಲಿನಕ್ಸಿನ ಇಂದಿನ ಆರಂಭಿಕ ಕಡತಗಳಾದರೋ ಆ ಗಾತ್ರವನ್ನು ಮೀರುವುದು ಸಾಮಾನ್ಯ. ಮೊದಲು ಐಪಿಎಕ್ಸ್‌ಇ ಎಂಬ ಚಿಕ್ಕ ಕಾರ್ಯಕ್ರಮವನ್ನು ತರಿಸಿ, ಉಳಿದುದನ್ನು ಅದರ ಮೂಲಕ ತರಿಸುವ ಇಂದಿನ ಪದ್ಧತಿ ಈ ತೊಡಕನ್ನು ಬಹುಮಟ್ಟಿಗೆ ಪರಿಹರಿಸಿದೆ. ಹಳೆಯ ಬಯೋಸ್ ಯಂತ್ರಗಳಿಗೂ ಹೊಸ ಯುಇಎಫ್‌ಐ ಯಂತ್ರಗಳಿಗೂ ಬೇರೆ ಬೇರೆ ಆರಂಭಿಕ ಕಡತಗಳು ಬೇಕೆಂಬುದನ್ನು ಮರೆಯಬಾರದು. ದಾನವಾಗಿ ಬಂದ ಯಂತ್ರಗಳಲ್ಲಿ ಎರಡು ಬಗೆಯವೂ ಕಲೆತಿರುವುದರಿಂದ, ಹಳೆಯವೆಲ್ಲ ನಡೆದು ಹೊಸವು ಮಾತ್ರ ನಿಲ್ಲುವ ವಿಚಿತ್ರ ಸಂಭವಿಸುತ್ತದೆ; ಆಗ ಆ ಹೊಸ ಯಂತ್ರಗಳ ಸೆಕ್ಯೂರ್ ಬೂಟ್ ಎಂಬ ನಿರ್ಬಂಧವನ್ನು ತೆಗೆದು ನೋಡುವುದು ಮೊದಲ ಹೆಜ್ಜೆ. ನಾಲ್ಕನೆಯ ಮೆಟ್ಟಿಲಿನ ವಿಷಯದಲ್ಲಿ ಹೇಳಬೇಕಾದುದು ಅಲ್ಪ: ಇಮೇಜನ್ನು ಒದಗಿಸುವ ಎನ್‌ಎಫ್‌ಎಸ್ ಸೇವೆ ನಡೆಯುತ್ತಿರಬೇಕು, ಮತ್ತು ಸರ್ವರಿನ ಕರ್ನೆಲು ನವೀಕರಣಗೊಂಡ ಬಳಿಕ ಇಮೇಜನ್ನೂ ಕರ್ನೆಲಿನ ಪ್ರತಿಯನ್ನೂ ಒಟ್ಟಿಗೆ ಹೊಸದಾಗಿ ನಿರ್ಮಿಸಿರಬೇಕು. ಒಂದು ಹೊಸತು, ಇನ್ನೊಂದು ಹಳತು ಆದರೆ, ಕರ್ನೆಲು ತನಗೆ ಬೇಕಾದ ಚಾಲಕಗಳನ್ನು ಇಮೇಜಿನಲ್ಲಿ ಕಾಣದೆ ತಡವರಿಸುತ್ತದೆ.

ಐದನೆಯ ಮೆಟ್ಟಿಲಾದ ಒಳಪ್ರವೇಶದಲ್ಲಿ ದೋಷಗಳು ವಿಧವಿಧವಾದುವು. ಹೊಸ ಎಲ್‌ಟಿಎಸ್‌ಪಿಯಲ್ಲಿ ಬಳಕೆದಾರರ ಹೆಸರುಗಳನ್ನು ಆರಂಭಿಕ ಕಡತವೊಂದರಲ್ಲಿ ಕಟ್ಟಿಡುವುದರಿಂದ, ಜೂನಿನಲ್ಲಿ ಹೊಸ ತರಗತಿಯ ವಿದ್ಯಾರ್ಥಿಗಳನ್ನು ಸೇರಿಸಿದ ಮೇಲೆ ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಎಂಬ ಆಜ್ಞೆಯನ್ನು ನಡೆಸದಿದ್ದರೆ, ಅವರಿಗೆ ಸರ್ವರಿನಲ್ಲಿ ಖಾತೆಯಿದ್ದೂ ಯಂತ್ರಗಳಲ್ಲಿ ಪ್ರವೇಶ ದೊರೆಯುವುದಿಲ್ಲ. ಪ್ರವೇಶದ ಗುಪ್ತಪದವನ್ನು ಎಸ್‌ಎಸ್‌ಎಚ್ ಸೇವೆಯ ಮೂಲಕ ಪರೀಕ್ಷಿಸುವುದರಿಂದ, ಭದ್ರತೆಯ ಹೆಸರಿನಲ್ಲಿ ಯಾರಾದರೂ ಆ ಸೇವೆಯಲ್ಲಿ ಗುಪ್ತಪದವನ್ನು ನಿಷೇಧಿಸಿದ್ದರೆ ಇಡೀ ತರಗತಿ ಹೊರಗೆ ನಿಲ್ಲುತ್ತದೆ. ಎಲ್‌ಟಿಎಸ್‌ಪಿಯ ಹಳೆಯ ಐದನೆಯ ಆವೃತ್ತಿಯಲ್ಲಿ ಸರ್ವರಿನ ವಿಳಾಸವೋ ಕೀಲಿಯೋ ಬದಲಾದರೆ, ಈ ಯಂತ್ರಕ್ಕೆ ಸರ್ವರನ್ನು ಸೇರುವ ಅಧಿಕಾರವಿಲ್ಲವೆಂಬ ಅರ್ಥದ ಸಂದೇಶ ಬರುತ್ತದೆ; ಕೀಲಿಗಳನ್ನು ನವೀಕರಿಸಿ ಇಮೇಜನ್ನು ಪುನಃ ಕಟ್ಟಿದರೆ ಅದು ಹೋಗುತ್ತದೆ. ಗುಪ್ತಪದ ಸರಿಯಾಗಿದ್ದೂ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಪ್ರವೇಶದ ಪುಟಕ್ಕೇ ಮರಳಿದರೆ, ಸರ್ವರಿನ ಡಿಸ್ಕು ತುಂಬಿದೆಯೆಂದು ಮೊದಲು ಶಂಕಿಸಬೇಕು. ವಿದ್ಯುತ್ತು ಹಠಾತ್ತನೆ ಹೋಗಿ ಬಂದ ಬಳಿಕ, ಬ್ರೌಸರು ಈಗಾಗಲೇ ನಡೆಯುತ್ತಿದೆಯೆಂದು ಹೇಳಿ ತೆರೆಯಲೊಲ್ಲದಿದ್ದರೆ, ಸತ್ತ ಯಂತ್ರದ ಹಳೆಯ ಪ್ರಕ್ರಿಯೆ ಸರ್ವರಿನಲ್ಲಿ ಇನ್ನೂ ಉಳಿದಿದೆಯೆಂದೋ, ಅದರ ಬೀಗದ ಕಡತ ಅಳಿದಿಲ್ಲವೆಂದೋ ತಿಳಿಯಬೇಕು. ಉಳಿದುದೆಲ್ಲ ಸರಿಯಾಗಿದ್ದು ಒಂದು ಯಂತ್ರದಲ್ಲಿ ಮಾತ್ರ ಸುರಕ್ಷಿತ ಜಾಲತಾಣಗಳು ತೆರೆಯದಿದ್ದರೆ, ಆ ಯಂತ್ರದ ಗಡಿಯಾರವನ್ನು ನೋಡಬೇಕು. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತು ಯಂತ್ರವು ಹಳೆಯ ವರ್ಷದಲ್ಲಿ ಎಚ್ಚರಗೊಂಡಿರುವುದುಂಟು.

ನಿಧಾನಗತಿಯೆಂಬ ದೂರು

ಯಂತ್ರ ನಿಂತುಹೋದುದಕ್ಕಿಂತ ಯಂತ್ರ ನಿಧಾನವಾಯಿತೆಂಬ ದೂರು ಕಠಿನತರವಾದುದು, ಏಕೆಂದರೆ ಅದಕ್ಕೆ ಸಂದೇಶವಿಲ್ಲ. ಇಲ್ಲಿ ಅಂಕಿಗಳೇ ದಾರಿ ತೋರಿಸಬೇಕು. ಶುದ್ಧ ಥಿನ್ ಕ್ಲೈಂಟಿನ ಸರ್ವರಿಗೆ 256 ಮೆಗಾಬೈಟಿನ ಮೇಲೆ ಪ್ರತಿಯೊಬ್ಬ ಬಳಕೆದಾರನಿಗೂ 192 ಮೆಗಾಬೈಟು ರ್‍ಯಾಮ್ ಬೇಕೆಂದು ಹಿಂದೆ ಲೆಕ್ಕ ಹಾಕುತ್ತಿದ್ದರು. ಅದರಂತೆ ಇಪ್ಪತ್ತು ಮಂದಿಗೆ 4 ಗಿಗಾಬೈಟು. ಇಂದಿನ ಬ್ರೌಸರು ಒಬ್ಬನಿಗೇ ಆ 192 ಮೆಗಾಬೈಟಿಗಿಂತ ಅನೇಕ ಮಡಿ ಬೇಡುವುದರಿಂದ ಆ ಲೆಕ್ಕವನ್ನು ಬರವಣಿಗೆ, ಗಣಿತಗಳಂಥ ಹಗುರವಾದ ಕೆಲಸಗಳಿಗೆ ಮಾತ್ರ ನಂಬಬಹುದು. ಚಲನಚಿತ್ರದ ವಿಷಯದಲ್ಲಿ ಜಾಲವೇ ಅಡ್ಡಿಯಾಗುತ್ತದೆ: 1024ಕ್ಕೆ 768 ಬಿಂದುಗಳ ಪರದೆಯಲ್ಲಿ ಬಿಂದುವೊಂದಕ್ಕೆ 16 ಬಿಟ್ಟಿನಂತೆ ಸೆಕೆಂಡಿಗೆ 25 ಚಿತ್ರಗಳನ್ನು ಕುಗ್ಗಿಸದೆ ಕಳಿಸಬೇಕಾದರೆ ಸೆಕೆಂಡಿಗೆ 31 ಕೋಟಿ ಬಿಟ್ಟಿಗೂ ಮಿಗಿಲಾಗುತ್ತದೆ, 100 ಮೆಗಾಬಿಟ್ಟಿನ ಕೇಬಲು ಒಯ್ಯಬಲ್ಲುದು 10 ಕೋಟಿ ಮಾತ್ರ. ಯಾವ ದುರಸ್ತಿಯಿಂದಲೂ ಈ ಗಣಿತ ಬದಲಾಗದು. ಚಿತ್ರಪಾಠಗಳು ಮುಖ್ಯವಾದ ಶಾಲೆ ಫ್ಯಾಟ್ ಕ್ಲೈಂಟ್ ಬಗೆಯನ್ನೇ ಆರಿಸಿಕೊಳ್ಳಬೇಕು. ಹಾಗೆ ಆರಿಸಿಕೊಂಡಾಗಲೂ, ಸರ್ವರಿನಿಂದ ಸ್ವಿಚ್ಚಿಗೆ ಹೋಗುವ ಒಂದು ಕೇಬಲು ಗಿಗಾಬಿಟ್ಟಿನದಾಗಿರಬೇಕು. ಅದು 100 ಮೆಗಾಬಿಟ್ಟಿನದಾದರೆ, ಗಂಟೆ ಬಾರಿಸಿದೊಡನೆ ಇಪ್ಪತ್ತು ಯಂತ್ರಗಳು ಒಮ್ಮೆಗೇ ಎದ್ದಾಗ ಒಂದೊಂದರ ಪಾಲಿಗೆ 5 ಮೆಗಾಬಿಟ್ಟು ಮಾತ್ರ ಬರುತ್ತದೆ, ಗಿಗಾಬಿಟ್ಟಾದರೆ 50. ಸಾವಿರಾರು ರೂಪಾಯಿಯ ಹೊಸ ಸರ್ವರಿಗೆ ಬೇಡಿಕೆ ಸಲ್ಲಿಸುವ ಮೊದಲು, ಈ ಒಂದು ಕೇಬಲನ್ನೂ ಸ್ವಿಚ್ಚಿನ ಆ ಒಂದು ಪೋರ್ಟನ್ನೂ ಪರೀಕ್ಷಿಸುವುದು ಆಡಳಿತಗಾರರ ಕರ್ತವ್ಯ.

ಕನ್ನಡದ ಪ್ರಶ್ನೆ

ಕನ್ನಡ ಮಾಧ್ಯಮದ ಶಾಲೆಯಲ್ಲಿ ಯಂತ್ರವು ನಡೆದೂ ಕನ್ನಡವನ್ನು ಬರೆಯಲಾರದಾದರೆ ಅದನ್ನು ದೋಷವೆಂದೇ ಗಣಿಸಬೇಕು. ಪುತ್ತೂರು, ಸುಳ್ಯಗಳ ಈ ಜಿಲ್ಲೆಗೆ ಕನ್ನಡದ ಗಣಕೀಕರಣದಲ್ಲಿ ವಿಶೇಷವಾದ ಗೌರವವಿದೆ: ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೂ ಆಧಾರವಾಯಿತು. ಆ ವಿನ್ಯಾಸ ಇಂದು ಲಿನಕ್ಸಿನಲ್ಲಿಯೂ ಕಗಪ ಎಂಬ ಹೆಸರಿನಿಂದ ಲಭ್ಯ. ಆದರೆ ಅದೂ, ಲೋಹಿತ್, ನವಿಲು ಮೊದಲಾದ ಅಕ್ಷರರೂಪಗಳೂ ಇಮೇಜಿನೊಳಗೆ ಸೇರಿರಬೇಕು. ಇಮೇಜನ್ನು ಕಟ್ಟಿದ ಬಳಿಕ ಸರ್ವರಿನಲ್ಲಿ ಮಾತ್ರ ಅವನ್ನು ಸ್ಥಾಪಿಸಿದರೆ ಶಿಕ್ಷಕರ ಪರದೆಯಲ್ಲಿ ಕನ್ನಡ ಕಾಣುತ್ತದೆ, ವಿದ್ಯಾರ್ಥಿಗಳ ಪರದೆಯಲ್ಲಿ ಚೌಕಗಳು ಕಾಣುತ್ತವೆ. ಇದರಿಂದ ಭಿನ್ನವಾದ ಇನ್ನೊಂದು ತೊಡಕು ಹಳೆಯ ಕಡತಗಳದು. ಯುನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ನುಡಿ, ಬರಹ ತಂತ್ರಾಂಶಗಳ ಅಕ್ಷರರೂಪವನ್ನು ನೆಚ್ಚಿ ಬರೆದಿಟ್ಟ ಪ್ರಶ್ನೆಪತ್ರಿಕೆಗಳು ಲಿಬ್ರೆಆಫೀಸಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೋರುತ್ತವೆ. ಆಗ ಲಿನಕ್ಸಿಗೆ ಕನ್ನಡ ಬರುವುದಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಆ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದರೆ ಅವು ಯಾವ ಯಂತ್ರದಲ್ಲಿಯೂ ಓದಿಸಿಕೊಳ್ಳುತ್ತವೆ, ಮುಂದಿನ ಪೀಳಿಗೆಗೂ ಉಳಿಯುತ್ತವೆ.

ನೆರೆಯ ನಿದರ್ಶನ, ಅನ್ಯ ಮಾರ್ಗಗಳು

ಸುಳ್ಯದಿಂದ ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ ಕೇರಳದ ಪ್ರೌಢಶಾಲೆಗಳಲ್ಲಿ, ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಗ್ನೂ ಲಿನಕ್ಸು ಪಾಠಕ್ರಮದ ಭಾಗವಾಗಿಯೇ ನೆಲೆಗೊಂಡಿದೆ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿ ಮಾರ್ಪಟ್ಟು, 2018ರಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಸಂಘಗಳನ್ನು ಶಾಲೆಗಳಲ್ಲಿ ಆರಂಭಿಸಿತು. ಅಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಯಂತ್ರವೂ ಸ್ವತಂತ್ರವಾದುದು, ಥಿನ್ ಕ್ಲೈಂಟಲ್ಲ. ಆದರೂ ನಮಗೆ ಗ್ರಾಹ್ಯವಾದ ಪಾಠವೊಂದು ಅಲ್ಲಿದೆ: ಅಲ್ಲಿ ಲಿನಕ್ಸು ಉಳಿದುದು ಶಿಕ್ಷಕರಿಗೆ ನಿರಂತರವಾದ ತರಬೇತಿ ದೊರೆತುದರಿಂದ, ಮತ್ತು ಯಂತ್ರದ ಆರೈಕೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲು ದೊರೆತುದರಿಂದ. ಕಂಪ್ಯೂಟರನ್ನು ಕೊಟ್ಟು ಕೈತೊಳೆದುಕೊಂಡ ಯೋಜನೆಗಳು ಯಾವ ರಾಜ್ಯದಲ್ಲಿಯೂ ಬಹುಕಾಲ ಬಾಳಿಲ್ಲ.

ಥಿನ್ ಕ್ಲೈಂಟಿಗೆ ಬದಲಾಗಿ ಇಂದು ಅಗ್ಗದ ಟ್ಯಾಬುಗಳಿವೆ, 2012ರಿಂದ ಪ್ರಚಾರಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿದೆ, ಎಲ್ಲವನ್ನೂ ಇಂಟರ್ನೆಟ್ಟಿನಿಂದಲೇ ಪಡೆಯುವ ಕ್ಲೌಡ್ ಸೇವೆಗಳಿವೆ ಎಂಬ ಆಕ್ಷೇಪ ಸಹಜ. ಇವುಗಳಲ್ಲಿ ಕೊನೆಯದು ನಮ್ಮ ಸೀಮೆಯಲ್ಲಿ ಎಷ್ಟು ದುರ್ಬಲವೆಂಬುದನ್ನು 2021ರ ಜೂನ್ ತಿಂಗಳಿನ ಛಾಯಾಚಿತ್ರವೊಂದು ನಾಡಿಗೆಲ್ಲ ತಿಳಿಸಿತು. ಸುಳ್ಯ ತಾಲೂಕಿನ ಗ್ರಾಮವೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಳು, ತಂದೆ ಮಳೆಯಲ್ಲಿ ಅವಳಿಗೆ ಕೊಡೆ ಹಿಡಿದು ನಿಂತಿದ್ದರು. ಸ್ಥಳೀಯ ಸರ್ವರಾದರೋ ಹೊರಗಿನ ಸಂಪರ್ಕ ಸಂಪೂರ್ಣವಾಗಿ ಕಡಿದಾಗಲೂ ಕೊಠಡಿಯೊಳಗೆ ಸೇವೆಯನ್ನು ನಿಲ್ಲಿಸುವುದಿಲ್ಲ. ಕಿವಿಕ್ಸ್ ತಂತ್ರಾಂಶದ ಮೂಲಕ ವಿಕಿಪೀಡಿಯವನ್ನೂ, ಜಿಯೋಜೀಬ್ರದಂಥ ಗಣಿತದ ಸಾಧನಗಳನ್ನೂ ಅದರಲ್ಲಿಯೇ ಇಟ್ಟುಕೊಳ್ಳಬಹುದು. ಆದರೆ ಹಣಕಾಸಿನ ವ್ಯವಹಾರ ನಡೆಯುವ ಸಹಕಾರಿ ಸಂಘದ ಕೌಂಟರಿಗೆ ಒಂದೇ ಸರ್ವರಿನ ಏರ್ಪಾಡನ್ನು ನಾವು ಸೂಚಿಸಲಾರೆವು. ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ದಿನ ವ್ಯವಹಾರ ನಿಂತರೆ ಸದಸ್ಯರಿಗಾಗುವ ತೊಂದರೆ, ಶಾಲೆಯಲ್ಲಿ ಒಂದು ಪಿರಿಯಡ್ ತಪ್ಪಿದಂತಲ್ಲ. ಅಲ್ಲಿ ಸದಾ ಸಿದ್ಧವಾಗಿ ನಿಂತ ಎರಡನೆಯ ಸರ್ವರಿಲ್ಲದೆ ಈ ಪದ್ಧತಿಗೆ ಕೈಹಾಕಬಾರದು. ಹದಿನೈದರಿಂದ ಮೂವತ್ತು ಆಸನಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜು, ಗ್ರಂಥಾಲಯ ಇವುಗಳಿಗಾದರೋ ಇದು ಯೋಗ್ಯ, ಮಿತವ್ಯಯಕರ.

ಕರ್ತವ್ಯ

ಇಷ್ಟನ್ನು ಸಮೀಕ್ಷಿಸಿದ ಮೇಲೆ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು, ಸರ್ವರಿನ ಮುಂದೆ ಕುಳಿತು ಶಾಂತಚಿತ್ತದಿಂದ ಐದು ಮೆಟ್ಟಿಲುಗಳನ್ನು ಎಣಿಸಬಲ್ಲ ಒಬ್ಬ ಶಿಕ್ಷಕನಿಗೆ ಅಥವಾ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಗೆ ಅತೀತವಾದುವಲ್ಲ. ಅದಕ್ಕೆ ಬೇಕಾದುದು ಮೊದಲನೆಯದಾಗಿ ಸರ್ವರಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದ ಒಂದು ದಾಖಲೆಪುಸ್ತಕ: ಯಾವ ಕೇಬಲು ಯಾವ ಪೋರ್ಟಿಗೆ ಹೋಗುತ್ತದೆ, ಯಾವ ದಿನ ಏನನ್ನು ಬದಲಾಯಿಸಲಾಯಿತು, ಯಾವ ಸಂದೇಶ ಕಂಡಿತು, ಯಾವ ಉಪಾಯದಿಂದ ಹೋಯಿತು ಎಂಬುದನ್ನು ಅದರಲ್ಲಿ ಬರೆದಿಡುತ್ತ ಬಂದರೆ, ವರ್ಗಾವಣೆಯಾಗಿ ಹೋದ ಶಿಕ್ಷಕರೊಡನೆ ಜ್ಞಾನವೂ ಹೊರಟುಹೋಗುವುದಿಲ್ಲ. ಎರಡನೆಯದಾಗಿ ಸಿದ್ಧವಾದ ಸರ್ವರಿನ ಸಂಪೂರ್ಣ ಪ್ರತಿಯೊಂದನ್ನೂ ವಿದ್ಯಾರ್ಥಿಗಳ ಕಡತಗಳ ವಾರದ ಪ್ರತಿಯನ್ನೂ ಹೊರಗಿನ ಡಿಸ್ಕಿನಲ್ಲಿ ತೆಗೆದು, ಬೇರೊಂದು ಕೊಠಡಿಯಲ್ಲಿ ಇಡಬೇಕು; ಒಂದು ಹೆಚ್ಚುವರಿ ಸ್ವಿಚ್ಚು ಕಪಾಟಿನಲ್ಲಿರಬೇಕು. ಮೂರನೆಯದಾಗಿ ಯುಪಿಎಸ್ಸಿನ ಬ್ಯಾಟರಿ ಮುಗಿಯುವ ಮುನ್ನ ಸರ್ವರು ತಾನಾಗಿಯೇ ವಿಹಿತವಾಗಿ ನಿಲ್ಲುವಂತೆ ಏರ್ಪಡಿಸಬೇಕು.

ಈ ಕಾರ್ಯಕ್ಕೆ ಬೇಕಾದ ವಿದ್ಯಾಬಲ ದೂರದಲ್ಲಿಲ್ಲ. ಸುಳ್ಯದಲ್ಲಿ 1986ರಿಂದ ಕೆವಿಜಿ ಇಂಜಿನಿಯರಿಂಗ್ ಕಾಲೇಜಿದೆ. ಪುತ್ತೂರಿನಲ್ಲಿ 2001ರಿಂದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿದೆ. 1958ರ ಸಂತ ಫಿಲೋಮಿನಾ, 1965ರ ವಿವೇಕಾನಂದ ಕಾಲೇಜುಗಳಿಂದ ಹೊರಬಂದ ತಲೆಮಾರುಗಳು ಈ ಮೂರು ತಾಲೂಕುಗಳಲ್ಲೆಲ್ಲ ಹರಡಿವೆ. ಈ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳು ತಂಡಕ್ಕೊಂದು ಗ್ರಾಮೀಣ ಪ್ರೌಢಶಾಲೆಯಂತೆ ವಹಿಸಿಕೊಂಡು, ಮೂಲೆಗುಂಪಾದ ಯಂತ್ರಗಳನ್ನು ಒಂದು ಸರ್ವರಿಗೆ ಜೋಡಿಸಿ, ಅಲ್ಲಿನ ಇಬ್ಬರು ಶಿಕ್ಷಕರಿಗೂ ನಾಲ್ವರು ಮಕ್ಕಳಿಗೂ ದೋಷಶೋಧನೆಯ ಕ್ರಮವನ್ನು ಕಲಿಸಿಕೊಟ್ಟರೆ, ಅವರ ಪಠ್ಯಕ್ರಮದ ಪ್ರಾಜೆಕ್ಟಿಗೂ ಅದಕ್ಕಿಂತ ಸಾರ್ಥಕವಾದ ವಿಷಯ ದೊರೆಯಲಾರದು. ಶಾಲಾಭಿವೃದ್ಧಿ ಸಮಿತಿಗಳೂ ಹಳೆವಿದ್ಯಾರ್ಥಿ ಸಂಘಗಳೂ ಈ ಬೇಸಗೆಯಲ್ಲಿಯೇ, ಏಪ್ರಿಲಿನ ಮೊದಲ ಸಿಡಿಲಿಗೆ ಮುನ್ನ, ತಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಬಾಗಿಲನ್ನು ತೆರೆಸಿ, ಅರ್ಥಿಂಗನ್ನು ಅಳೆಯಿಸಿ, ಕೇಬಲುಗಳನ್ನು ಎಣಿಸಿ, ದಾಖಲೆಪುಸ್ತಕದ ಮೊದಲ ಪುಟವನ್ನು ಬರೆಯಿಸಬೇಕೆಂದು ನಮ್ಮ ವಿನಂತಿ.